ಕಳ್ಳ ಪ್ರಿಂಟು

ಸಿತ್ರಾದ ಕ್ಯಾಂಪು, ಗುರುವಾರ ರಾತ್ರಿ.
ಆರು ಮಂಚ, ಒಂದು ಫೋನು,
ಎಣ್ಣೆ ಡಬ್ಬಕ್ಕೆ ಒರಗಿಸಿಟ್ಟದ್ದು.
ಫೋನು ವಿಕ್ಟರನದು, ಜಾಗ ಅದರಲ್ಲೇ ಜಾಸ್ತಿ.
ಸಿನಿಮಾ ಇಳಿಸಿದವನು ನಾನು.
ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಊರಲ್ಲಿ ಬಿಡುಗಡೆಯಾಗಿ ಮೂರೇ ದಿನ.
ಯಾವುದೋ ಟಾಕೀಸಿನ ಕತ್ತಲಲ್ಲಿ ಯಾರೋ
ಎದೆಗೆ ಫೋನು ಅವಚಿಕೊಂಡು ಕದ್ದ ಚಿತ್ರ.
ನಾಯಕಿಯ ಅರ್ಧ ಮುಖಕ್ಕೆ ಯಾರದೋ ತಲೆ.
ಮಧ್ಯೆ ಒಬ್ಬ ಎದ್ದುಹೋದ,
ಗುಡ್ಡದಂತೆ ಅವನ ಬೆನ್ನು ದಾಟಿತು.
ಮಗುವೊಂದು ಅತ್ತಿತು.
"ಸುಮ್ಕಿರಪಾ, ಹೀರೋ ಬಂದ ನೋಡು."

"ಆಕಿ ನಮ್ಮ ಗಂಗಾವತಿ ಕಡೇಕಿ!"
ಹಜರತ್‌ಸಾಬ್ ಎದ್ದು ಕೂತ.
ಮೂರು ಸಲ ಹಿಂದಕ್ಕೆಳೆದು ಕೇಳಿದ,
ಕತೆ ಏನಾಯಿತೆಂದು ಅವನಿಗೆ ಬೇಕಿರಲಿಲ್ಲ.
ಅಲ್ಲಿ ಸಿಳ್ಳೆ ಬಿದ್ದಾಗ ನಾವೂ ಹಾಕಿದೆವು,
ಸಮುದ್ರದ ಈಚೆ, ಮೂರು ದಿನ ತಡವಾಗಿ.

ತಿಪ್ಪೇಸ್ವಾಮಿ ಕಾದದ್ದು ಕೊನೆಗೆ.
ಆ ಚಿತ್ರಕ್ಕೆ ಬಟ್ಟೆ ಹೊಲಿದವಳು ತಂಗಿ ಬೋರಮ್ಮ,
ಒಂದೇ ಬಣ್ಣದ ಏಳು ರವಿಕೆ ಮುಗಿಸುವಾಗ
ಬೆರಳಲ್ಲಿ ಸೂಜಿ ಮುರಿದುಕೊಂಡವಳು.
ಹೆಸರು ಹಾಕಿದ್ದಾರಂತೆ.
ಕದ್ದವನಿಗೆ ಹೆಸರಿನ ಗೊಡವೆ ಯಾಕೆ?
ಖಳ ಸತ್ತ ಕೂಡಲೇ ಪರದೆ ಕಪ್ಪು,
ಆಮೇಲೆ ಜೂಜಿನ ಜಾಹೀರಾತು, ಕುಣಿಯುವ ನಾಣ್ಯ.

ಆಡಿಸಲು ಇನ್ನೊಂದು ಆಪ್ ಹಾಕಿಕೋ ಅಂದಿತ್ತು. ಹಾಕಿದ್ದೆ.
ಮೆಸೇಜು ಓದಲು ಅನುಮತಿ ಕೊಡು ಅಂದಿತ್ತು. ಕೊಟ್ಟಿದ್ದೆ.
ಸಿನಿಮಾಕ್ಕೆ ಮೆಸೇಜು ಯಾತಕ್ಕೆ ಎಂದು
ಇಡೀ ದಿನ ವೆಲ್ಡಿಂಗ್ ಕಂಡ ಕಣ್ಣು ಕೇಳಲಿಲ್ಲ.

ಬೆಳಗಿನ ಮೂರೂ ನಲವತ್ತಕ್ಕೆ
ವಿಕ್ಟರನ ದಿಂಬಿನಡಿ ನಾಲ್ಕು ಸಲ ಮಿಣುಕಿತು.
ಇನ್ನೂರ ಹನ್ನೆರಡು ದಿನಾರು.
ಹಲ್ಲಿಗೆಂದು ಕೂಡಿಟ್ಟಿದ್ದು,
ಬಲದವಡೆಯಲ್ಲಿ ಅಗಿಯದೆ ಅವನಿಗೆ ವರ್ಷವಾಗಿತ್ತು.
ಅನುಮತಿ ಕೊಟ್ಟವರು ಯಾರು, ಬ್ಯಾಂಕಿನ ಹುಡುಗಿ ಕೇಳಿದಳು.
"ನಾನೇ" ಅಂದ ವಿಕ್ಟರ್.
ನನ್ನ ಕಡೆ ನೋಡಲಿಲ್ಲ.
ಬೈದಿದ್ದರೆ ಎಷ್ಟೋ ಆಗುತ್ತಿತ್ತು.

ಈಗ ಆರೂ ಜನ ಸೇರಿ ಚಂದಾ ಕಟ್ಟುತ್ತೇವೆ,
ತಲೆಗೆ ಅರ್ಧ ದಿನಾರು.
ಮೊದಲ ತಿಂಗಳು
ಈ ಚಿತ್ರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಅಂದಿತು.
ಊರಿನವರ ಪಾಲಿಗೆ ನಾವೂ ಹಾಗೇ ಅಲ್ಲವೇ ಎಂದು ನಕ್ಕೆವು.
ಕೊನೆಗೂ ಬಂತು.
ಸೀರೆಯ ಎಳೆ ಎಣಿಸಬಹುದು, ಅಷ್ಟು ಸ್ವಚ್ಛ.
ಸಿಳ್ಳೆಯಿಲ್ಲ. ಮಗು ಅಳಲಿಲ್ಲ.
ಹಜರತ್‌ಸಾಬ್ ಅರ್ಧಕ್ಕೇ ಗೋಡೆಗೆ ಮುಖ ತಿರುಗಿಸಿದ,
"ಆಕೀನ್ನ ತೆಗದುಬಿಟ್ಟಾರ."

ಹೆಸರುಗಳು ಏರತೊಡಗಿದ್ದೇ ತಡ
ಚಿತ್ರವನ್ನು ಮೂಲೆಗೆ ಕುಗ್ಗಿಸಿ ಆಪು
ಮುಂದಿನದು ಐದು ಸೆಕೆಂಡಿನಲ್ಲಿ ಅಂದಿತು.
ತಡಿ, ತಡಿ! ತಿಪ್ಪೇಸ್ವಾಮಿ ಬೆರಳೊತ್ತಿ ಹಿಡಿದ,
ಹೊರಟ ಬಸ್ಸಿನ ಬೆನ್ನು ಬಡಿಯುವವನ ಹಾಗೆ.
ಜನರೇಟರ್ ಓಡಿಸಿದವರು, ಚಹಾ ಕೊಟ್ಟವರು,
ಲೈಟು ಹೊತ್ತವರು, ಅವರ ನಡುವೆ
ಇರುವೆಯಷ್ಟು:
ಟಿ. ಭೋರಮ್ಮ.

ಬ ಅಕ್ಷರಕ್ಕೆ ಬಾಲ ಹಚ್ಚಿದ್ದಾರಲ್ಲೋ, ಅಂದೆ.
"ಇರಲಿ ಬಿಡು," ಎಡದವಡೆಯಲ್ಲಿ ಕುಬೂಸ್ ಅಗಿಯುತ್ತ ವಿಕ್ಟರ್,
"ಕೆಲಸವೂ ಅಷ್ಟೇ ದೊಡ್ಡದು."

ತಿಪ್ಪೇಸ್ವಾಮಿ ತನ್ನ ಫೋನೆತ್ತಿ
ಪರದೆಯ ಫೋಟೊ ಹೊಡೆದ, ತಂಗಿಗೆ ಕಳಿಸಲು.
ಅಡ್ಡ ನನ್ನ ತಲೆ ಬಂತು.