ಮುಳ್ಳುಮಂಜಿನ ಚಕ್ಕುಬಂದಿ

ಹಗಲೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು ಕ್ರಯಪತ್ರ ಬರೆಯುವವನು,
ಶನಿವಾರ ರಾತ್ರಿ ದುರ್ಗಿಗುಡಿಯ ಜೆರಾಕ್ಸ್ ಅಂಗಡಿ ಮಹಡಿಯಲ್ಲಿ
ಒಂದು ಲೋಕ ನಡೆಸುತ್ತೇನೆ.
ಚೌಕುಳಿ ಹಾಳೆ, ಇಪ್ಪತ್ತು ಮುಖದ ದಾಳ,
ರಾಕ್ಷಸರಿಗೆ ಹುಣಸೆಬೀಜ.

ಲವೀನಾ ಎಸೆದಳು ಮುಳ್ಳುಮಂಜು.
ಇಪ್ಪತ್ತಡಿ ಅಗಲ, ಹತ್ತು ಸುತ್ತು ನಿಲ್ಲುವ ಮಂತ್ರ.
ಪುಸ್ತಕದಲ್ಲಿರುವುದು ಒಂದೇ ವಾಕ್ಯ:
ಒಳಹೊಕ್ಕವರಿಗೆ, ಅಥವಾ ಸರದಿ ಅಲ್ಲೇ ಶುರುವಾದವರಿಗೆ,
ಮೂರು ದಾಳದ ಪೆಟ್ಟು.

ಮಂಜು ಬಿದ್ದದ್ದು ಸೀದಾ ಹುಣಸೆಬೀಜಗಳ ನೆತ್ತಿಗೆ.
'ಪೆಟ್ಟು ಈಗಲೇ' ಎಂದಳು.
'ಹೊಕ್ಕಿದ್ದೆಲ್ಲಿ? ನಿಂತಿದ್ದರು ಪಾಪ' ಎಂದ ಇಮ್ರೋಜ್,
ರಾಕ್ಷಸರು ವಕಾಲತ್ತು ಕೊಡದಿದ್ದರೂ.
ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು, ಸರಿ.
ಗೆರೆಯೇ ಬಂದು ಕಾಲಡಿ ಮಲಗಿದರೆ?

ಕಸುಬಿನ ಕಣ್ಣಲ್ಲಿ ನೋಡಿದೆ:
ಪೂರ್ವಕ್ಕೆ ಮುರಿದ ಸೇತುವೆ, ಪಶ್ಚಿಮಕ್ಕೆ ಸತ್ತ ಕತ್ತೆ,
ಉತ್ತರಕ್ಕೆ ಕೋಟೆಗೋಡೆ, ದಕ್ಷಿಣಕ್ಕೆ ಇಮ್ರೋಜನ ಚಾ ಲೋಟ.
ಈ ಮಧ್ಯೆ ಇರುವುದೆಲ್ಲ ಮಂಜಿನ ಸ್ವತ್ತು.
ಹೊಗುವುದು ಬೇರೆ, ಕವಿಸಿಕೊಳ್ಳುವುದು ಬೇರೆ.
ಈಗ ಪೆಟ್ಟಿಲ್ಲ. ಅವರ ಸರದಿ ಬರಲಿ.

'ಒಳಗೆ ತಳ್ಳಿ, ಹೊರಗೆಳೆದು, ಮತ್ತೆ ತಳ್ಳಿದರೆ?'
ಒಂದು ಸರದಿಗೆ ಒಂದೇ.
ಬಸ್ಸಿಂದ ಇಳಿದು ಹತ್ತಿದರೆ ಕಂಡಕ್ಟರ್ ಮತ್ತೆ ಟಿಕೆಟ್ ಕೇಳ್ತಾನಾ?
'ಕೇಳ್ತಾನೆ' ಎಂದ ಇಮ್ರೋಜ್.

ಚೌಡೇಶ ಮಾತಿನವನಲ್ಲ.
ಅವನ ಪಾತ್ರವೂ ಕೊಡಲಿ ಹಿಡಿದ ಒಬ್ಬ ಮೂಗ.
'ನಮ್ಮಜ್ಜಿ ನೀರಿಗೆ ಹೋಗಿದ್ದಲ್ಲ' ಅಂದ,
'ಶರಾವತಿ ನೀರೇ ಮೇಲೆ ಬಂದಿದ್ದು.
ಗದ್ದೆ, ಒಲೆ, ಬಾಣಂತಿ ಕೋಣೆ,
ಎಲ್ಲದರ ಮೇಲೆ.
ಅದಕ್ಕೂ ಪೆಟ್ಟಿಲ್ಲ ಅಂತೀಯಾ?'

ಯಾರೂ ದಾಳ ಮುಟ್ಟಲಿಲ್ಲ.
ಅವನ ಮನೆಯ ಕಡತ ನನ್ನ ಮೇಜಿನ ಮೇಲೇ ಇದೆ.
ಬದಲಿಗೆ ಕೊಟ್ಟ ಜಾಗ ಪಹಣಿಯಲ್ಲಿ ಇನ್ನೂ 'ಅರಣ್ಯ'.
ಚೌಡೇಶ ಹುಟ್ಟಿದ್ದು ನೀರು ನಿಂತು ಮೂವತ್ತು ವರ್ಷದ ಮೇಲೆ.
ಹೊಕ್ಕವನಲ್ಲ.
ಸರದಿ ಅಲ್ಲೇ ಶುರುವಾದವನು.

ಎಷ್ಟು ದಸ್ತಾವೇಜಿನಲ್ಲಿ ಬರೆದಿದ್ದೇನೆ ಆ 'ಅಥವಾ',
ಓದಿದ್ದು ಇವತ್ತು.

'ಎಸೆದವನು ಸತ್ತರೆ ಮಂತ್ರ ಮುಗಿಯುತ್ತೆ ತಾನೇ?' ಲವೀನಾ ಕೇಳಿದಳು.
ಪುಸ್ತಕದ ಪ್ರಕಾರ, ಹೌದು.

'ಆಡ್ರೋ, ಲಾಸ್ಟ್ ಬಸ್ ಇದೆ' ಎಂದವನು ಚೌಡೇಶನೇ.
ತನ್ನ ಮೂಗನನ್ನು ಬೇಕಂತಲೇ ಮಂಜಿನೊಳಗೆ ನಡೆಸಿದ.
ಈ ಸಲ ತಕರಾರಿಲ್ಲ, ಹೊಕ್ಕದ್ದು ಹೊಕ್ಕದ್ದೇ.
ಎಸೆದ ದಾಳ ಮೇಜು ದಾಟಿ ಚಪ್ಪಲಿಗಳತ್ತ ಉರುಳಿತು.
ಮೊಬೈಲ್ ಬೆಳಕಲ್ಲಿ ನಾಲ್ಕೂ ಜನ ಬಗ್ಗಿದೆವು:
ಹವಾಯಿ ಚಪ್ಪಲಿಯ ಪಟ್ಟಿಗೆ ಒರಗಿ
ಓರೆಯಾಗಿ ನಿಂತಿದೆ,
ಒಂದು ಮುಖ ಆರು, ಒಂದು ಮುಖ ಒಂದು.
'ಇದು ಲೆಕ್ಕವಾ?' ಎಂದು ನನ್ನನ್ನೇ ನೋಡುತ್ತಾರೆ.