ಹಿಂಬಾಗಿಲಿನ ವಿಳಾಸ

ಊಟ ಎಲ್ಲಿ ಚೆನ್ನಾಗಿರುತ್ತೆ ಅಂತ
ದೊಡ್ಡಟ್ಟಿ ಚೌಕಿಯಲ್ಲಿ ಕಾರು ನಿಲ್ಲಿಸಿ
ನನ್ನನ್ನು ಕೇಳುತ್ತೀರಿ.
ತಪ್ಪು ಆಳನ್ನು ಹಿಡಿದಿರಿ, ಸ್ವಾಮಿ.
ವಿರಾಜಪೇಟೆಯ ಇಪ್ಪತ್ತೇಳು ಅಡುಗೆಮನೆಗಳಿಗೆ
ಸಿಲಿಂಡರ್ ಹೊತ್ತು ಹಿಂದಿನಿಂದ ಹೋಗಿ
ಹಿಂದಿನಿಂದಲೇ ಬರುವವನು ನಾನು.
ಹದಿನಾರು ವರ್ಷ. ಎಡಭುಜ
ಬಲಭುಜಕ್ಕಿಂತ ಒಂದಂಗುಲ ಕೆಳಗೆ.

ಕೇಳಿದಿರಲ್ಲ, ಹೇಳುತ್ತೇನೆ.

ಅಲ್ಲಿ ಗಾಜಿನ ಬಾಗಿಲು, ಪೀಚೆಕತ್ತಿ ಸಿಕ್ಕಿಸಿದ ಗೊಂಬೆ
ಕೈಮುಗಿದು ನಿಂತಿದೆಯಲ್ಲ,
ಅವರಿಗೆ ವಾರಕ್ಕೆ ಒಂಬತ್ತು ನೀಲಿ ಸಿಲಿಂಡರ್.
ಶನಿವಾರದ ಪಂದಿಕರಿ ಬುಧವಾರದವರೆಗೂ ಕುದಿಯುತ್ತದೆ.
ಆ ಕಪ್ಪು ಕಾಚಂಪುಳಿಯದಲ್ಲ.
ಯಾವುದರದು ಅಂತ ಹೇಳಿದರೆ
ನಾಳೆ ನನಗೆ ಈ ಲೈನಿರುವುದಿಲ್ಲ.
ಕಡಂಬುಟ್ಟು ಮಾತ್ರ ಧೈರ್ಯವಾಗಿ ತಿನ್ನಿ.
ಉಂಡೆ ಕಟ್ಟುವವಳು ಅಸ್ಸಾಮಿನ ರೂಪಾಲಿ.
ಬಂದ ಹೊಸತರಲ್ಲಿ ಕಲ್ಲಿನ ಹಾಗಿರುತ್ತಿದ್ದವು,
ಒಂದನ್ನು ನಾಯಿಗೆಸೆದಿದ್ದಳು, ನಾಯಿ ಓಡಿಹೋಗಿತ್ತು.
ಈಗ ಅವಳ ಅಂಗೈಯಲ್ಲಿ ತಾವಾಗಿಯೇ ದುಂಡಗಾಗುತ್ತವೆ.

ಮೀನು ಬೇಕೆ?
ಬೆಟ್ಟದ ಮೇಲೆ ಮೀನು ಕೇಳಬಾರದು ಅನ್ನುವವರನ್ನು ನಂಬಬೇಡಿ.
ಕಡಲು ದಿನಾ ನಸುಕಿಗೆ ಟೆಂಪೋ ಹತ್ತಿ
ಮಾಕುಟ್ಟದ ತಿರುವುಗಳಲ್ಲೆಲ್ಲ ನೀರು ಸೋರಿಸುತ್ತ
ನಮ್ಮೂರಿಗೆ ಬರುತ್ತದೆ.
ಕುಞಮ್ಮದನ ಹೋಟೆಲು, ಬೋರ್ಡಿಲ್ಲ,
ಮೆಟ್ಟಿಲ ಮೇಲೆ ಬೂದಿಬಣ್ಣದ ಬೆಕ್ಕು.
ಬೆಕ್ಕು ಕೂತಿದ್ದರೆ ಒಳಗೆ ಹೋಗಿ,
ಮಲಗಿದ್ದರೆ ಮೀನು ಮುಗಿದಿದೆ.
ಮತ್ತಿಗೆ ಅವನು ತನ್ನ ಊರಿನ ಕೊಡಂಪುಳಿ ಹಾಕುತ್ತಾನೆ.
ಇಲ್ಲಿಯವಳಾದ ಹೆಂಡತಿ, ಅವನು ಗಲ್ಲಾಕ್ಕೆ ತಿರುಗಿದಾಗ,
ಎರಡು ಹನಿ ಕಾಚಂಪುಳಿ.
ಒಂದೇ ಹಣ್ಣು, ನೋಡಿ: ಘಾಟಿಯ ಕೆಳಗೆ ಒಣಗಿಸುತ್ತಾರೆ,
ಮೇಲೆ ಕಾಯಿಸಿ ಇಳಿಸುತ್ತಾರೆ.
ಅವನಿಗೆ ಗೊತ್ತು. ಗೊತ್ತೆಂದು ಅವಳಿಗೂ ಗೊತ್ತು.
ಸಾರು ಮಾತ್ರ ಬಾಯಿ ಬಿಡುವುದಿಲ್ಲ.

ಇನ್ನೊಂದು ಇದೆ.
ಹೇಳಲೋ ಬೇಡವೋ.

ಕೋರ್ಟಿನ ಹಿಂದೆ ದೇಚಕ್ಕನ ಮೆಸ್ಸು, ನಾಲ್ಕು ಮೇಜು.
ಮೊದಲು ಹನ್ನೆರಡು ದಿನಕ್ಕೊಂದು ಸಿಲಿಂಡರ್,
ಆಮೇಲೆ ಇಪ್ಪತ್ತಕ್ಕೆ, ಈಗ ಮೂವತ್ತೈದಾದರೂ ಫೋನಿಲ್ಲ.
ನನಗೆ ತಕ್ಕಡಿ ಬೇಡ,
ಖಾಲಿ ಸಿಲಿಂಡರು ಎಷ್ಟು ಭಾರವೆಂದು ಭುಜಕ್ಕೆ ಗೊತ್ತು,
ಖಾಲಿ ಅಂಗಡಿ ಎಷ್ಟು ಭಾರವೆಂದೂ.

ಆಟಿಯಲ್ಲಿ ಒಂದು ಮಧ್ಯಾಹ್ನ
‘ಮುಂದಿನಿಂದ ಬಾ’ ಅಂದರು.
ಮೇಜಿನ ಮುಂದೆ ಕೂತು
ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆ ಕೆಳಗೆ ಇಟ್ಟುಕೊಂಡೆ.
ನೂಪುಟ್ಟು, ಬೈಂಬಳೆ ಕರಿ,
ಮೂರು ದಿನ ನೀರು ಬದಲಿಸಿ ಕಹಿ ಕಳೆದ ಎಳೆ ಬಿದಿರು.
ಕಳೆಯದೆ ಉಳಿದ ಚೂರು ಕಹಿ
ಬೇಕೆಂದೇ ಉಳಿಸಿದ್ದು ಅಂದರು.
ಬಡಿಸಿದರು, ದುಡ್ಡು ತಗೊಂಡರು, ಚಿಲ್ಲರೆ ಎಣಿಸಿ ಕೊಟ್ಟರು.
ಅದು ನನಗೆ ಇಷ್ಟವಾಯಿತು.

ಈಗ ನಿಮ್ಮ ಮುಖ ನೋಡುತ್ತಿದ್ದೇನೆ.
ನೀವು ಹೋಗುತ್ತೀರಿ, ಫೋಟೋ ಹಾಕುತ್ತೀರಿ,
ಬರುವ ಭಾನುವಾರ ನಲವತ್ತು ಕಾರು ನಿಲ್ಲುತ್ತವೆ.
ಆಗ ಅವರಿಗೂ ಒಂಬತ್ತು ಸಿಲಿಂಡರು, ಬುಧವಾರದ ಕರಿ,
ಬಾಗಿಲಲ್ಲಿ ಒಂದು ಗೊಂಬೆ.
ನೀವು ಹೋಗದಿದ್ದರೆ
ಮೇಜುಗಳನ್ನು ಮಾರುತ್ತಾರೆ. ಎರಡಕ್ಕೆ ಬೆಲೆ ಕೇಳಿದ್ದಾರೆ, ಬಲ್ಲೆ.

ಮೊನ್ನೆ ಹೋದಾಗ ‘ಇನ್ನೂ ಇದೆ, ಬೇಡ’ ಅಂದರು.
ಸುಳ್ಳು. ಅತ್ತ ತಿರುಗಿದಾಗ ಅಲುಗಿಸಿ ನೋಡಿದ್ದೇನೆ,
ತಳದಲ್ಲಿ ನೀರಿನಷ್ಟೂ ಸದ್ದಿಲ್ಲ.

ಎಡಕ್ಕೆ ತಿರುಗಿ, ವಕೀಲರ ಬೋರ್ಡುಗಳು ಮುಗಿಯುವಲ್ಲಿ.
ಒಂದು ಮಾತು.
ನಿಮ್ಮ ಡಿಕ್ಕಿಯಲ್ಲಿ ಜಾಗವಿದೆಯೇ?
ಇದೊಂದನ್ನು ಅವರಿಗೆ ತಲುಪಿಸಿಬಿಡಿ.
ಹುಷಾರು, ಇದು ತುಂಬಿದೆ.