ಒಳಮಗ್ಗುಲು ಹೊರಗೆ

ನನ್ನ ಇಂಗ್ಲಿಷೆಲ್ಲ ಎರಡು ಬೆರಳಗಲದ ಪಟ್ಟಿ ಮೇಲಿನದು.
ಪ್ಯಾಂಟಿನ ಸೊಂಟದೊಳಗೆ, ಎಡಕ್ಕೆ, ನಾಲ್ಕು ಹೊಲಿಗೆ.
ದಿನಕ್ಕೆ ಆರುನೂರು ಜೀನ್ಸು, ಆರುನೂರು ಸಲ
ಅದೇ ಮಾತು ಸೂಜಿ ಕೆಳಗೆ ಹಾದುಹೋಗುತ್ತದೆ:
ಡು ನಾಟ್ ಬ್ಲೀಚ್. ಡು ನಾಟ್ ಐರನ್.
ಟರ್ನ್ ಇನ್‌ಸೈಡ್ ಔಟ್.

ಎಂಟು ವರ್ಷ ಅವು ನನಗೆ ಅಕ್ಷರವಲ್ಲ,
ಯಾವ ಕಡೆ ಮೇಲು ಅಂತ ತಿಳಿಯೋ ಗುರುತು, ಅಷ್ಟೇ.
ಒಮ್ಮೆ ಒಂದು ಲಾಟಿಗೆ ತಲೆಕೆಳಗಾಗಿ ಹೊಲಿದು
ಎರಡು ದಿನದ ಕೂಲಿ ಹೋಯಿತು.
ಆವತ್ತೇ ಶುರುಮಾಡಿದ್ದು ಓದಲಿಕ್ಕೆ.
ಜ್ಞಾನಕ್ಕಲ್ಲ, ಸಿಟ್ಟಿಗೆ.

ಕೌಲ್ ಬಜಾರಿನ ರದ್ದಿಯಲ್ಲಿ ಸಿಕ್ಕ ಡಿಕ್ಷನರಿಗೆ
ರಟ್ಟಿಲ್ಲ, ಮೊದಲ ನಲವತ್ತು ಪುಟ ಇಲ್ಲ.
ಬಿ ಇಂದಲೇ ಶುರು ನನ್ನ ಲೋಕ:
ಬೇಬಿ, ಬ್ಯಾಕ್, ಬ್ಯಾಡ್.
ಏನೇನು ಕಳಕೊಂಡೆ ಅಂತ ಪಕ್ಕದ ಮಷೀನಿನ
ಖಮರುನ್ನಿಸಾ ಎಣಿಸಿ ಹೇಳಿದಳು:
ಆಸ್ಕ್ ಇಲ್ಲ ನಿನ್ನತ್ರ, ಆನ್ಸರ್ ಇಲ್ಲ,
ಆ್ಯಂಗ್ರಿ ಸುದ್ದಾ ಇಲ್ಲ.
ಅದೊಂದು ಇದೆ ಬಿಡು, ಅಂದೆ. ಪುಸ್ತಕದಲ್ಲಿಲ್ಲ ಅಷ್ಟೇ.

ಜ಼ಿಪ್ಪಿನ ಮೊದಲಿರುವ ಆ ನಡುಗೋ ಸದ್ದು
ಅವಳಿಗೆ ತಾಯಿ ಹಾಲಿನ ಜೊತೆ ಬಂದದ್ದು.
ನಾನು ಜಿಪ್ ಅಂದರೆ ನಗುತ್ತಿದ್ದಳು.
"ಜ಼ರಾ ಅನ್ನು. ಜ಼ಮೀನ್ ಅನ್ನು.
ಹಲ್ಲಿನ ಹಿಂದೆ ಒಂದು ಜೇನ್ನೊಣ ಇಟ್ಕೋ."
ಮಂಡಕ್ಕಿ ಒಗ್ಗರಣೆ ಬಾಯಲ್ಲಿದ್ದಾಗಲೇ ಜ಼ಜ಼ಜ಼ ಅಂದು
ಅವಳ ದುಪಟ್ಟಾ ತುಂಬ ಮಂಡಕ್ಕಿ.
ಬದಲಿಗೆ ನಾನು ಅವಳಿಗೆ ಒಂದು ಳ ಕೊಟ್ಟೆ.
ಹುಟ್ಟಿದೂರನ್ನು ಬಲ್ಲಾರಿ ಅಂತಿದ್ದವಳು
ನಲವತ್ತರ ವಯಸ್ಸಿನಲ್ಲಿ ನಾಲಿಗೆ ಮಡಿಚಿ
ಬಳ್ಳಾರಿ ಅಂದಳು,
ಹೊಸ ಬಳೆ ತೊಟ್ಟವಳ ಹಾಗೆ ಎರಡು ಸಲ.

ಕಷ್ಟವಾದದ್ದು ಸ್ಪೆಲಿಂಗಲ್ಲ. ಐ.
ನಮ್ಮಲ್ಲಿ ಹೊಲಿದೆ ಅಂದರೆ ಸಾಕು,
ನಾನನ್ನೋಳು ಆ ಮಾತಿನ ಬಾಲದ ಸಂದಿಯಲ್ಲಿ
ಕುಕ್ಕುರುಗಾಲಲ್ಲಿ ಕೂತಿರುತ್ತೇನೆ, ಯಾರಿಗೂ ಕಾಣದೆ.
ಬಂದೆ. ಬೇಯಿಸಿದೆ. ಸಾಕಿದೆ. ಸುಮ್ಮನಾದೆ.
ಅಲ್ಲಿ ಹಾಗಲ್ಲ. ಪ್ರತಿ ಸಲ ಎದ್ದು ಮುಂದೆ ಬಂದು
ನೆಟ್ಟಗೆ ನಿಲ್ಲಬೇಕು ಲೈಟಿನ ಕಂಬದ ಹಾಗೆ,
ಅದೂ ದೊಡ್ಡಕ್ಷರದಲ್ಲಿ.
ಪಟ್ಟಿಗಳಲ್ಲಿ ಹುಡುಕಿದೆ. ಎಲ್ಲೂ ಐ ಇರಲಿಲ್ಲ.
ಇದ್ದದ್ದೆಲ್ಲ ಹುಕುಂ.

ಮೊನ್ನೆ ಹೊಸ ಬಂಡಲು ಬಂತು, ಇಪ್ಪತ್ತು ಸಾವಿರ ಪಟ್ಟಿ.
ವಾಶ್ ಕೋಲ್ಡ್ ಇರಬೇಕಾದಲ್ಲಿ ವಾಶ್ ಗೋಲ್ಡ್.
ಸಿ ಅಕ್ಷರಕ್ಕೆ ಗಲ್ಲದ ಹತ್ತಿರ ಒಂದು ಗೀಟು ಹೆಚ್ಚು.
ಪೆಡಲಿನಿಂದ ಕಾಲು ತೆಗೆದೆ.
ಎರ್ರಿಸ್ವಾಮಿ ಮಾಸ್ಟರು ಕನ್ನಡಕ ಏರಿಸಿದರು, ಇಳಿಸಿದರು.
"ಹೊಲಿಯಮ್ಮ ಪಂಪಕ್ಕ.
ಸೊಂಟದ ಒಳಗಿನದ್ದು ಯಾರು ಓದ್ತಾರೆ?"
ಎದ್ದೆ. ತೊಡೆ ಮೇಲಿನ ಪಟ್ಟಿಗಳು ನೆಲಕ್ಕೆ ಚೆಲ್ಲಿದವು.
ಐ ರೀಡ್, ಅಂದೆ.
ಓವರ್‌ಲಾಕ್ ಹುಡುಗರು ಕಿಸಕ್ಕಂದರು.
ಖಮರುನ್ನಿಸಾ ನಗಲಿಲ್ಲ.

ಬಂಡಲು ವಾಪಸ್ ಹೋಗಲಿಲ್ಲ.
ಈ ಲಾಟ್ ಹೋಗಲಿ ಅಂತ ಸೇಠ್ ಫೋನಿನಲ್ಲೇ ಹೇಳಿದ.
ಸಂಜೆವರೆಗೆ ಬಂಗಾರ ಒಗೆಯಿರಿ ಬಂಗಾರ ಒಗೆಯಿರಿ ಅಂತ
ಊರಿಲ್ಲದೂರಿನ ಸೊಂಟಗಳಿಗೆ ಹೊಲಿದು ಕಳಿಸಿದೆ.
ಒಂದು ಪಟ್ಟಿ ಕದ್ದು ತಂದು
ಡಿಕ್ಷನರಿಯಲ್ಲಿ ಇಲ್ಲದ ಪುಟದ ಜಾಗದಲ್ಲಿಟ್ಟೆ.

ರಾತ್ರಿ ಗುಡ್ಡದ ಬಂಡೆ ಹಗಲಿನ ಕಾವು ಉಗುಳುತ್ತಿತ್ತು.
ಕರೆಂಟಿರಲಿಲ್ಲ. ಮೊಬೈಲಿನ ಬೆಳಕಲ್ಲಿ ಆರ್ ಪುಟ ತೆಗೆದೆ.
ಓದುತ್ತೇನೆ ಅನ್ನಲಿಕ್ಕೂ ಓದಿದೆ ಅನ್ನಲಿಕ್ಕೂ
ಬರೆಯುವುದು ಅದೇ ನಾಲ್ಕಕ್ಷರವಂತೆ.
ಬಾಯಲ್ಲಿ ಮಾತ್ರ ಒಂದು ರೀಡ್, ಒಂದು ರೆಡ್.
ಬರೆದಿಟ್ಟರೆ ಯಾವುದು ಅಂತ ಕಂಡವರಿಗೆ ತಿಳಿಯದು.

ತಿಳಿಯದಿದ್ದರೆ ಬೇಡ.
ಟೇಲರ್ ಚಾಕಿನಿಂದ ಬಾಗಿಲ ಹಿಂದೆ ಬರೆದೆ, ಐ ಮೊದಲು.
ಸ್ವಲ್ಪ ಬಾಗಿತ್ತು.
ನೀಲಿ ಹತ್ತಿದ ಬೆರಳಲ್ಲಿ ಒರೆಸಿ
ಅದರ ಬೆನ್ನು ನೆಟ್ಟಗೆ ಮಾಡಿದೆ.